ಖೈರುನ್ನಿಸ ತಿದ್ದಿದ ಸಾಲು

ದುಬೈಯ ನೈಫ್‌ನಲ್ಲಿ ವೀಸಾ ಅರ್ಜಿ ತುಂಬಿಸಲು ಬಾವಾಕನ ಟೈಪಿಂಗ್ ಸೆಂಟರಿಗೆ ಬಂದವರು ಮೊದಲು ಕೇಳುವ ಮಾತು ಒಂದೇ: "ಖೈರುನ್ನಿಸಕ್ಕ ಇದ್ದಾರಾ?" ಇನ್ನಿಬ್ಬರು ಟೈಪ್ ಮಾಡುವವರು ಖಾಲಿ ಕೂತಿದ್ದರೂ ಜನ ಅವಳ ಮೇಜಿನ ಮುಂದೆಯೇ ಸಾಲು ನಿಲ್ಲುತ್ತಿದ್ದರು. ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ಅತ್ತಿತ್ತ ಆದರೆ ಮನುಷ್ಯ ಏರ್‌ಪೋರ್ಟಿನಲ್ಲೇ ಉಳಿದುಬಿಡುತ್ತಾನೆ. ಹೆಸರಿನ ಒಂದಕ್ಷರ ಬಿಟ್ಟುಹೋದರೆ ಹೆಂಡತಿ ಮಕ್ಕಳ ವೀಸಾ ತಿಂಗಳುಗಟ್ಟಲೆ ನಿಲ್ಲುತ್ತದೆ. ಇಪ್ಪತ್ತಾರು ವರ್ಷದಲ್ಲಿ ಖೈರುನ್ನಿಸಳ ಕೈಯಿಂದ ಅಂಥದ್ದು ಒಂದೂ ಆಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೊಡೆಯುವುದು, ಒಂದು ಸಲ ಓದುವುದು, ಇನ್ನೊಂದು ಸಲ ಹಿಂದಿನಿಂದ ಮುಂದಕ್ಕೆ ಓದುವುದು. ಇದು ಅವಳ ಪದ್ಧತಿ.

ಬಂಟ್ವಾಳದ ಕಡೆಯವಳು. ಪಿಯುಸಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಮದುವೆಯಾದ ಮೇಲೆ ಗಂಡ ತೌಫೀಕನ ಹಿಂದೆ ದುಬೈಗೆ ಬಂದವಳು. ಬಾವಾಕ ಅವಳದೇ ಊರಿನವ, ದೂರದ ಸಂಬಂಧಿ. ಅವನೇ ಕೆಲಸ ಕೊಟ್ಟ, ಅರಬಿ ಕೀಬೋರ್ಡನ್ನೂ ಕಲಿಸಿದ. ತೌಫೀಕ್ ಏಳು ವರ್ಷದ ಹಿಂದೆ ಎದೆನೋವು ಅಂತ ಆಸ್ಪತ್ರೆಗೆ ಹೋದವ ತಿರುಗಿ ಬರಲಿಲ್ಲ. ಈಗ ಮನೆಯಲ್ಲಿ ಅವಳು, ಮಗಳು ಮುಹ್ಸಿನಾ ಇಬ್ಬರೇ. ಮುಹ್ಸಿನಾಗೆ ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಕೆಲಸ.

ಕಳೆದ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಂಗಡಿಗೆ ಒಬ್ಬಳು ಬಿಳಿ ಹೆಂಗಸು ಬಂದಳು. ಅರವತ್ತರ ಹತ್ತಿರದ ವಯಸ್ಸು, ಕುತ್ತಿಗೆಯವರೆಗೆ ಕತ್ತರಿಸಿದ ನರೆಗೂದಲು, ಈ ಊರಿನ ಬಿಸಿಲಿಗೆ ಯಾತಕ್ಕೂ ಬಾರದ ದಪ್ಪ ಉಣ್ಣೆಯ ಕೋಟು ತೋಳಿನ ಮೇಲೆ. ಎದೆಗೆ ಅವಚಿಕೊಂಡಿದ್ದ ಒಂದು ಫೈಲನ್ನು ಖೈರುನ್ನಿಸಳ ಮೇಜಿನ ಮೇಲೆ ಇಟ್ಟು, "ನನ್ನ ಹೆಸರು ಲೀವಿ. ಎಸ್ಟೋನಿಯಾದಿಂದ ಬಂದಿದ್ದೇನೆ. ವೀಸಾದ ಕೆಲಸ ಅಲ್ಲ, ಒಂದು ನಾಟಕ ಟೈಪ್ ಮಾಡಿಸಬೇಕು," ಎಂದಳು.

ದೇಶಗಳನ್ನು ವೀಸಾದ ಮೂಲಕವೇ ಬಲ್ಲ ಬಾವಾಕ ಒಳಗಿನಿಂದಲೇ ಕೇಳಿದ: "ಎಸ್ಟೋನಿಯಾ ಯುರೋಪಿನದ್ದಲ್ವಾ? ಅವರಿಗೆ ಅರ್ಜಿಯೇ ಬೇಡ ಮಾರಾಯ್ತಿ. ನಾಟಕ ಎಂತದ್ದು?"

ಲೀವಿ ತಾಳ್ಮೆಯಿಂದ ವಿವರಿಸಿದಳು. ಅವರದ್ದು ಹದಿಮೂರು ಲಕ್ಷದ ಆಸುಪಾಸು ಜನರ ದೇಶ. ಅವರ ಭಾಷೆ ಹೊರಗಿನವರಿಗೆ ಬರುವುದಿಲ್ಲ. ಆದರೆ ನಾಟಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆ ನಾಟಕಗಳನ್ನು ಇಂಗ್ಲಿಷಿಗೆ ಮಾಡಿಸಿ ದೇಶ ವಿದೇಶದವರ ಮುಂದೆ ಓದಿಸುವುದು ಅವಳ ಕೆಲಸ. ಸೋಮವಾರ ಸಂಜೆ ಅಬುಧಾಬಿಯ ಖಾಲಿದಿಯಾದ ಒಂದು ಸಭಾಂಗಣದಲ್ಲಿ, ಮಂಗಳವಾರ ಸಂಜೆ ಜುಮೇರಾ ಲೇಕ್ ಟವರ್ಸಿನಲ್ಲಿ ಕಾರ್ಯಕ್ರಮ. ವೇಷ ಇಲ್ಲ, ಪರದೆ ಇಲ್ಲ, ನಟರು ಹಾಳೆ ಹಿಡಿದು ಓದುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ರಂಗಮಂದಿರ ನಡೆಸುವವರು ಬಂದು ಕೇಳಿ, ಮನಸ್ಸಿಗೆ ಬಂದದ್ದನ್ನು ತಮ್ಮಲ್ಲಿ ಆಡಿಸಲು ತೆಗೆದುಕೊಳ್ಳುತ್ತಾರೆ. ಬೇರೆಯವರ ಮೂರು ನಾಟಕಗಳ ಪ್ರತಿ ತಯಾರಿದೆ. ನಾಲ್ಕನೆಯದು ಲೀವಿಯೇ ಬರೆದದ್ದು, ಹೆಸರು 'ದ್ವೀಪದ ಮನೆ'. ವಿಮಾನದಲ್ಲಿ ಕೂತು ಇಡೀ ನಾಟಕವನ್ನು ಪೆನ್ನಿನಿಂದ ತಿದ್ದಿಬಿಟ್ಟಿದ್ದಾಳೆ. ನಲವತ್ತೊಂದು ಪುಟ, ಎಲ್ಲಾ ಪುಟದಲ್ಲೂ ಕೆಂಪು ಗೀಟು, ಬಾಣ, ಅಂಚಿನಲ್ಲಿ ಹೊಸ ಮಾತು.

"ನಾಳೆ ಸಂಜೆಗೆ ಆಗ್ತದಾ?" ಎಂದು ಕೇಳಿದಳು. "ಒಂದು ಮಾತೂ ತಪ್ಪಬಾರದು."

"ಆಗ್ತದೆ ಮೇಡಂ," ಎಂದಳು ಖೈರುನ್ನಿಸ. "ನನ್ನಲ್ಲಿ ತಪ್ಪುವುದಿಲ್ಲ."

ಖೈರುನ್ನಿಸ ಅದುವರೆಗೆ ಒಂದು ನಾಟಕವನ್ನೂ ಓದಿದವಳಲ್ಲ. ಮೊದಮೊದಲು ಅದು ಅವಳಿಗೆ ಬರೇ ಕೆಲಸ. ಎಡಗಡೆ ಹೆಸರು, ಬಲಗಡೆ ಮಾತು, ಆವರಣದಲ್ಲಿ ಯಾರು ಎದ್ದರು ಯಾರು ಕೂತರು ಎಂಬ ಸೂಚನೆ. ಆದರೆ ಹತ್ತು ಪುಟ ದಾಟುವುದರೊಳಗೆ ಅವಳ ಬೆರಳು ನಿಧಾನವಾಯಿತು. ಸಮುದ್ರದ ನಡುವೆ ಒಂದು ದ್ವೀಪ. ಒಂದು ಮನೆ, ಅದರಲ್ಲಿ ಒಬ್ಬ ತಾಯಿ, ಹತ್ತು ವರ್ಷದ ಮಗಳು. ಸೋವಿಯತ್ ಸೈನಿಕರು ಊರೂರಿಂದ ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸುತ್ತಿದ್ದ ಕಾಲದಲ್ಲಿ ಆ ಮನೆಯ ದೊಡ್ಡ ಮಗ, ಹತ್ತೊಂಬತ್ತರ ಹುಡುಗ, ಹೊಡೆತ ತಾಳಲಾರದೆ ಅಪ್ಪ ಅಡಗಿದ್ದ ಜಾಗ ಹೇಳಿಬಿಟ್ಟಿದ್ದ. ಅಪ್ಪ ಹೋದವನು ಅಲ್ಲೇ ಮಣ್ಣಾದ. ಮಗನನ್ನೂ ಸೈನಿಕರು ಬಿಡಲಿಲ್ಲ, ಎಳೆದುಕೊಂಡು ಹೋದರು. ಎಂಟು ವರ್ಷವಾದ ಮೇಲೆ, ಮಂಜು ಬೀಳುವ ಒಂದು ಮಧ್ಯಾಹ್ನ, ಆ ಮಗ ಬಂದು ಬಾಗಿಲು ಬಡಿಯುತ್ತಾನೆ. ತಾಯಿಯೂ ಹುಡುಗಿಯೂ ಒಳಗೆ ಊಟಕ್ಕೆ ಕೂತಿದ್ದಾರೆ. ನಾಟಕದ ಅರ್ಧ ಭಾಗ ಬರೇ ಇಷ್ಟೇ: ಅವನು ಹೊರಗಿನಿಂದ ಕರೆಯುತ್ತಾನೆ, ಒಳಗೆ ಇಬ್ಬರೂ ಮಾತಾಡುವುದಿಲ್ಲ. ಕೊನೆಗೆ ತಾಯಿ ಎದ್ದು ಬಾಗಿಲ ಹತ್ತಿರ ಹೋಗುತ್ತಾಳೆ. ಬಾಗಿಲಿಗೆ ಬಾಯಿ ತಾಗಿಸಿ ಒಂದು ಮಾತು ಹೇಳುತ್ತಾಳೆ: "ಇಲ್ಲಿ ನಿನ್ನವರು ಯಾರೂ ಇಲ್ಲ."

ಅಲ್ಲಿಗೆ ನಾಟಕ ಮುಗಿಯಿತು.

ಭಾನುವಾರ ಮಧ್ಯಾಹ್ನ ಖೈರುನ್ನಿಸ ಆ ಸಾಲಿನ ಮುಂದೆ ಕೂತಳು. ಅಂಗಡಿಯಲ್ಲಿ ಎಸಿ ಗುಂಯ್‌ಗುಡುತ್ತಿತ್ತು, ಬಾವಾಕ ನಮಾಜಿಗೆ ಹೋಗಿದ್ದ. ಕೈ ಕೀಬೋರ್ಡಿನ ಮೇಲಿದೆ, ಬೆರಳು ಏಳುವುದಿಲ್ಲ. ಎದ್ದು ನೀರು ಕುಡಿದು ಬಂದಳು. ಮತ್ತೆ ಕೂತಳು. ಆಮೇಲೆ ಅವಳ ಬೆರಳುಗಳು ಹೊಡೆದದ್ದು ಹಾಳೆಯಲ್ಲಿ ಇಲ್ಲದ ಮಾತು: "ಬಾಗಿಲಿಗೆ ಅಗಳಿ ಹಾಕಿಲ್ಲ. ಒಳಗೆ ಬಾ, ಊಟ ತಣ್ಣಗಾಗ್ತದೆ."

ಹೊಡೆದು ನೋಡಿ ಅಳಿಸಬೇಕೆಂದೇ ಅವಳು ಅಂದುಕೊಂಡದ್ದು. ಅಳಿಸಲಿಲ್ಲ. ಎರಡು ಸಲ ಓದುವ ಪದ್ಧತಿಯವಳು ಆ ಪುಟವನ್ನು ಒಂದು ಸಲವೂ ಓದದೆ ಆರು ಪ್ರತಿ ತೆಗೆದು ಸ್ಟೇಪಲ್ ಹೊಡೆದಳು. ತಾನು ಇದನ್ನು ಮಾಡಿದೆ ಎಂದೇ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಸಂಜೆ ಲೀವಿ ಬಂದಾಗ ಪ್ರತಿಗಳನ್ನು ಮೇಜಿನ ಮೇಲೆ ಇಟ್ಟಳು. ಲೀವಿ ಮೊದಲ ಹದಿನೈದು ಪುಟ ಕಣ್ಣಾಡಿಸಿ, ಒಂದು ಅಲ್ಪವಿರಾಮವೂ ತಪ್ಪಿಲ್ಲದ್ದನ್ನು ಕಂಡು ಖುಷಿಯಾಗಿ, ಅವಳ ಕೈ ಹಿಡಿದು ಕುಲುಕಿದಳು. ಸೋಮವಾರದ ಎರಡು ಪಾಸು ಕೊಟ್ಟು, "ನೀವು ಬರಲೇಬೇಕು. ಈ ದೇಶದಲ್ಲಿ ನನ್ನ ನಾಟಕ ಮೊದಲು ಓದಿದವರು ನೀವು," ಎಂದಳು.

ಬಾಯಿಬಿಟ್ಟು ಹೇಳಲು ಆಗಲೂ ಸಮಯ ಇತ್ತು. ಖೈರುನ್ನಿಸ ಪಾಸುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಸೋಮವಾರ ಮುಹ್ಸಿನಾ ಅರ್ಧ ದಿನ ರಜೆ ಹಾಕಿ ತಾಯಿಯನ್ನು ಕಾರಿನಲ್ಲಿ ಅಬುಧಾಬಿಗೆ ಕರೆದುಕೊಂಡು ಹೋದಳು. ಉಮ್ಮ ನಾಟಕಕ್ಕೆ ಹೊರಟದ್ದೇ ಅವಳಿಗೆ ತಮಾಷೆ. "ಉಮ್ಮಾ, ಯು ಆರ್ ಸೋ ಕ್ವಯಟ್. ಎಂತ ಆಯ್ತು?" ಎಂದು ದಾರಿಯುದ್ದಕ್ಕೂ ಕೆಣಕಿದಳು. ಖೈರುನ್ನಿಸಳಿಗೆ ಒಂದೇ ಆಸೆ: ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಲೀವಿಯ ಕಣ್ಣಿಗೆ ಅದು ಬಿದ್ದಿರಲಿ, ಸರಿಯಾಗಿರಲಿ. ಆದರೆ ರಿಹರ್ಸಲ್ ಮಾಡಿಸಿದವನು ಲೀವಿ ಅಲ್ಲ, ಓದುವುದನ್ನು ನಿರ್ದೇಶಿಸಲು ಗೊತ್ತು ಮಾಡಿದ್ದ ಇನ್ನೊಬ್ಬ. ಲೀವಿ ಅತಿಥಿಗಳನ್ನು ಕರೆತರಲು ಹೋಗಿದ್ದಳು. ನಾಟಕದಲ್ಲಿ ಹೊಸ ತಿದ್ದುಪಡಿಗಳಿವೆ ಎಂದು ಅವಳೇ ಹೇಳಿದ್ದರಿಂದ ನಿರ್ದೇಶಕನಿಗೆ ಸಂಶಯ ಬರಲಿಲ್ಲ.

ಖಾಲಿದಿಯಾದ ಆ ಹಾಲಿನಲ್ಲಿ ನೂರಿಪ್ಪತ್ತು ಜನ ಇದ್ದಿರಬಹುದು. ಯಾವ ಯಾವ ದೇಶದವರೋ, ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡವರು. ತಾಯಿ ಮಗಳು ಐದನೇ ಸಾಲಿನಲ್ಲಿ ಕೂತರು. ಲೀವಿ ವೇದಿಕೆಗೆ ಬಂದು ತನ್ನ ದೇಶದ ನಾಟಕಗಳ ಬಗ್ಗೆ ಹತ್ತು ನಿಮಿಷ ಮಾತಾಡಿದಳು. ಆಮೇಲೆ ಮೊದಲ ಸಾಲಿನಲ್ಲಿ ಕೂತಳು. ಓದು ಶುರುವಾಯಿತು.

ತಾನು ಹೊಡೆದ ಅಕ್ಷರಗಳಿಗೆ ಜೀವ ಬಂದದ್ದನ್ನು ಖೈರುನ್ನಿಸ ಮೊದಲ ಬಾರಿ ಕಂಡದ್ದು. ಹೊರಗೆ ನಿಂತ ಮಗನ ಮಾತು ಓದುವವನು ಬೆನ್ನು ತಿರುಗಿಸಿ ನಿಂತಿದ್ದ. ಪ್ರತಿ ಸಲ ಅವನು ಮೇಜು ಬಡಿದಾಗಲೂ ಇಡೀ ಸಭೆ ಉಸಿರು ಹಿಡಿಯುತ್ತಿತ್ತು. ಕೊನೆಯ ಪುಟ ಬಂತು. ತಾಯಿಯ ಪಾತ್ರದ ನಟಿ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಬಾಗಿಲಿಗೆ ಬಾಯಿ ತಾಗಿಸುವ ಹಾಗೆ ಬಗ್ಗಿ ಹೇಳಿದಳು: "ಬಾಗಿಲಿಗೆ ಅಗಳಿ ಹಾಕಿಲ್ಲ. ಒಳಗೆ ಬಾ, ಊಟ ತಣ್ಣಗಾಗ್ತದೆ."

ಆಮೇಲೆ ಚಪ್ಪಾಳೆ ಬಿತ್ತು. ಜನ ಎದ್ದು ನಿಂತು ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು. ಮುಹ್ಸಿನಾ ಕೂಡ ಮೂಗು ಒರೆಸುತ್ತಿದ್ದಳು. ಇಡೀ ಹಾಲಿನಲ್ಲಿ ಏಳದೆ ಕೂತವರು ಇಬ್ಬರೇ: ಐದನೇ ಸಾಲಿನ ಖೈರುನ್ನಿಸ, ಮೊದಲ ಸಾಲಿನ ಲೀವಿ.

ಚಪ್ಪಾಳೆ ಇಳಿದ ಮೇಲೆ ಲೀವಿ ವೇದಿಕೆ ಹತ್ತಿದಳು. ನಟಿಯ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದಳು. ತಿರುಗಿಸಿ ಮತ್ತೆ ನೋಡಿದಳು.

"ಕ್ಷಮಿಸಬೇಕು," ಎಂದಳು ಮೈಕಿನಲ್ಲಿ. "ಕೊನೆಯ ಸಾಲು ನಾನು ಬರೆದದ್ದಲ್ಲ. ಇದು ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ."

ನಟಿ ಬೆಪ್ಪಾಗಿ ನಿರ್ದೇಶಕನನ್ನು ನೋಡಿದಳು. ನಿರ್ದೇಶಕ ಎರಡೂ ಕೈ ಅಗಲಿಸಿದ. ಹಾಲಿನಲ್ಲಿ ಗುಸುಗುಸು ಎದ್ದಿತು. ಆ ನಟಿಯ ತಲೆಗೆ ಇದು ಬರುತ್ತದೆ ಎಂದು ಖೈರುನ್ನಿಸಳಿಗೆ ಅನಿಸಿದ್ದೇ ತಡ, ಅವಳು ಎದ್ದು ನಿಂತಿದ್ದಳು. ಮುಂದಿನ ಕುರ್ಚಿ ಹಿಡಿದುಕೊಂಡಳು.

"ಅದು ನಾನು ಹಾಕಿದ್ದು ಮೇಡಂ. ಟೈಪ್ ಮಾಡುವಾಗ."

ಮುಹ್ಸಿನಾ ಅವಳ ಅಬಾಯಾದ ತೋಳು ಎಳೆದಳು. "ಉಮ್ಮಾ! ವಾಟ್?"

ಎಲ್ಲರೂ ತಿರುಗಿ ನೋಡಿದರು. ಲೀವಿ ಕೇಳಿದ್ದು ಒಂದೇ ಮಾತು: "ಯಾಕೆ?"

"ಕಥೆ ಅಲ್ವಾ ಅಂತ ಅಂದುಕೊಂಡೆ," ಎಂದಳು ಖೈರುನ್ನಿಸ. ಅವಳ ಇಂಗ್ಲಿಷ್ ತಡವರಿಸಿತು. "ಕಥೆಯಲ್ಲಿ ಬಾಗಿಲು ತೆರೆದರೆ ಯಾರಿಗೂ ನಷ್ಟ ಇಲ್ಲ ಅಂತ."

ಲೀವಿ ಮೈಕು ಕೆಳಗಿಟ್ಟಳು. ಆದರೂ ಅವಳ ದನಿ ಎಲ್ಲರಿಗೂ ಕೇಳಿಸಿತು.

"ಅದು ಕಥೆ ಅಲ್ಲ. ಆ ಹುಡುಗಿ ನನ್ನ ತಾಯಿ. ಬಾಗಿಲು ತೆರೆಯದವಳು ನನ್ನ ಅಜ್ಜಿ. ಹೊರಗೆ ನಿಂತವನು ನನ್ನ ಸೋದರಮಾವ. ಮಾರನೇ ಬೆಳಿಗ್ಗೆ ಅವನು ದೋಣಿಯ ಕೊಟ್ಟಿಗೆಯಲ್ಲಿ ಸಿಕ್ಕಿದ. ಹೆಪ್ಪುಗಟ್ಟಿ ಹೋಗಿದ್ದ. ಅದನ್ನು ನಾಟಕದಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಅಜ್ಜಿ ಹೇಳಿದ ಒಂದು ಮಾತನ್ನು ಮಾತ್ರ ಇಟ್ಟುಕೊಂಡಿದ್ದೆ. ನೀವು ಅದನ್ನೇ ತೆಗೆದಿರಿ."

ಖೈರುನ್ನಿಸಳಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಒಬ್ಬ ಮನುಷ್ಯನ ಸಾವನ್ನೇ ತಾನು ಟೈಪ್ ಹೊಡೆದು ಅಳಿಸಿಬಿಟ್ಟೆ ಅನಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬೇರೆಯೇ ಮಾತು: "ನಾನೂ ಆ ಹುಡುಗಿಯ ಹಾಗೆ ಒಳಗೆ ಕೂತವಳು ಮೇಡಂ."

ಲೀವಿಗೆ ಅದು ಅರ್ಥವಾಯಿತೋ ಇಲ್ಲವೋ. ಮುಹ್ಸಿನಾಗೆ ಮಾತ್ರ ಏನೋ ತಾಗಿತು. ತಾಯಿಯನ್ನು ಹಿಡಿದುಕೊಂಡೇ ಹೊರಗೆ ಕರೆತಂದಳು.

ಕಾರು ಅಬುಧಾಬಿ ದಾಟಿತು. ಆಮೇಲೆ ಖೈರುನ್ನಿಸ ತಾನಾಗಿಯೇ ಶುರು ಮಾಡಿದಳು. ಅವಳಿಗೆ ಇಬ್ಬರು ಅಣ್ಣಂದಿರಿದ್ದರು. ಸಣ್ಣ ಅಣ್ಣ ರಮೀಝ್ ಬೈಕ್ ಅಪಘಾತದಲ್ಲಿ ಹೋದದ್ದು ಮುಹ್ಸಿನಾಗೆ ಗೊತ್ತಿತ್ತು. ಬೈಕು ಓಡಿಸುತ್ತಿದ್ದವನು ದೊಡ್ಡ ಅಣ್ಣ ಅರ್ಶದ್ ಎಂಬುದು ಗೊತ್ತಿರಲಿಲ್ಲ. ಅರ್ಶದ್ ಎಂಬವನೊಬ್ಬ ಇದ್ದಾನೆ ಎಂಬುದೇ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯಿಂದ ಕೋಲೂರಿಕೊಂಡು ಮನೆಗೆ ಬಂದ ದಿನ ಅವರ ತಾಯಿ ಬಾಗಿಲು ಹಾಕಿ ಒಳಗಿನಿಂದ ಹೇಳಿದ್ದಳು: "ನನಗೆ ಇದ್ದದ್ದು ಒಬ್ಬನೇ ಮಗ. ಅವನನ್ನು ಮಣ್ಣು ಮಾಡಿ ಆಯ್ತು." ಅವನು ಹೋದ. ಬೊಂಬಾಯಿಗೆ ಎಂದರು, ಆಮೇಲೆ ಯಾರೂ ಹೆಸರೆತ್ತಲಿಲ್ಲ. ಆಗ ಖೈರುನ್ನಿಸಳಿಗೆ ಹತ್ತೊಂಬತ್ತು.

"ನನಗೆ ಮಾಮ ಇದ್ದಾರಾ?" ಎಂದಳು ಮುಹ್ಸಿನಾ. ಅವಳ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಾಯಿತು. "ಇಪ್ಪತ್ತೈದು ವರ್ಷ ಆಯ್ತು ನನಗೆ. ಯು ನೆವರ್ ಟೋಲ್ಡ್ ಮಿ. ಉಪ್ಪನಿಗೆ ಗೊತ್ತಿತ್ತಾ?"

"ಇಲ್ಲ. ನಿನ್ನ ತಂದೆಗೂ ಹೇಳಿಲ್ಲ."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದರೆ ನಾನು ಯಾಕೆ ಬಾಗಿಲು ತೆರೆಯಲಿಲ್ಲ ಅಂತ ಕೇಳ್ತಾರಲ್ಲ," ಎಂದಳು ಖೈರುನ್ನಿಸ.

ಮುಹ್ಸಿನಾ ಮನೆಯ ಕಡೆಗೆ ಕಾರು ತಿರುಗಿಸಿದಳು.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯುವುದಕ್ಕೆ ಮೊದಲೇ ಲೀವಿ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಖೈರುನ್ನಿಸ ಅವಳನ್ನು ಕಂಡು ನಿಂತಲ್ಲೇ ನಿಂತಳು. ಲೀವಿ ಕೊನೆಯ ಪುಟದ ಮೂಲ ಪ್ರತಿಯನ್ನು ಮುಂದೆ ಹಿಡಿದಳು.

"ಸಂಜೆ ಇನ್ನೊಂದು ಓದು ಇದೆ. ಈ ಪುಟ ಸರಿಯಾಗಿ ಬೇಕು."

"ಬೇರೆ ಯಾರ ಹತ್ತಿರವಾದರೂ ಮಾಡಿಸಿ ಮೇಡಂ. ನನ್ನನ್ನು ನಂಬಬೇಡಿ."

"ಇಲ್ಲ. ನೀವೇ ಹೊಡೆಯಬೇಕು."

ಬಾವಾಕ ಬಂದು ಅಂಗಡಿ ತೆರೆದ ಮೇಲೆ ಖೈರುನ್ನಿಸ ಒಳಗೆ ಬಂದು ಕೂತಳು. ಲೀವಿ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು. ಹೊಡೆಯುವ ಮೊದಲು ಖೈರುನ್ನಿಸ ಅರ್ಶದನ ವಿಷಯ ಹೇಳಿದಳು, ಹೆಚ್ಚು ಮಾತಿಲ್ಲದೆ. ಲೀವಿ ಪೂರ್ತಿ ಕೇಳಿಸಿಕೊಂಡಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬದಲಿಗೆ ಹಿಂದಿನ ಸಂಜೆಯ ಸುದ್ದಿ ಹೇಳಿದಳು. ಒಂದು ದೊಡ್ಡ ರಂಗಮಂದಿರದವರು ಕಾರ್ಯಕ್ರಮ ಮುಗಿದ ಮೇಲೆ ಬಂದಿದ್ದರು. ಬಾಗಿಲು ತೆರೆಯುವ ಕೊನೆ ಇದ್ದರೆ ಮುಂದಿನ ವರ್ಷವೇ ನಾಟಕ ಆಡಿಸುತ್ತೇವೆ ಎಂದರು. ಲೀವಿ ಆಗುವುದಿಲ್ಲ ಎಂದಿದ್ದಳು.

ಖೈರುನ್ನಿಸಳಿಗೆ ಮತ್ತೊಂದು ಏಟು ಬಿದ್ದ ಹಾಗಾಯಿತು. "ಯಾಕೆ ಮೇಡಂ? ನೀವು ಇಷ್ಟು ದೂರ ಬಂದದ್ದೇ ಅದಕ್ಕಲ್ವಾ?"

"ಅಜ್ಜಿ ತೆರೆದಳು ಅಂತ ನಾನು ಹೇಳಿದರೆ ಮಾವ ಸತ್ತದ್ದು ಯಾತಕ್ಕೆ? ನನ್ನ ಅಮ್ಮ ಕೊನೆಯವರೆಗೂ ಬಾಗಿಲು ಬಡಿದರೆ ಹೆದರುತ್ತಿದ್ದದ್ದು ಯಾತಕ್ಕೆ?" ಲೀವಿ ಪರದೆಯ ಕಡೆಗೆ ಕೈ ತೋರಿಸಿದಳು. "ಹೊಡೆಯಿರಿ."

ಖೈರುನ್ನಿಸ ಹೊಡೆದಳು. ಇಲ್ಲಿ ನಿನ್ನವರು ಯಾರೂ ಇಲ್ಲ. ಒಂದು ಸಲ ಓದಿದಳು, ಹಿಂದಿನಿಂದ ಮುಂದಕ್ಕೆ ಇನ್ನೊಂದು ಸಲ ಓದಿದಳು. ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದಾಗ ಲೀವಿ ಕಾದಳು.

ಲೀವಿ ಹೋದ ಮೇಲೆ ಬಾವಾಕ ತನ್ನ ಮೇಜಿನಿಂದ ಎದ್ದು ಬಂದ. ಎಲ್ಲವನ್ನೂ ಅವನು ಕೇಳಿಸಿಕೊಂಡಿದ್ದ. ಟೋಪಿ ತೆಗೆದು ತಲೆ ಸವರಿಕೊಂಡ, ಮತ್ತೆ ಹಾಕಿಕೊಂಡ.

"ಖೈರೂ, ಒಂದು ವಿಷಯ ಉಂಟು. ಅರ್ಶದ್ ಅಜ್ಮಾನಿನಲ್ಲಿ ಇದ್ದಾನೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹನ್ನೊಂದು ವರ್ಷ ಆಯ್ತು ಬಂದು. ಅವನ ವೀಸಾದ ಅರ್ಜಿ ನಾನೇ ಹೊಡೆದದ್ದು, ನೀನು ಊರಿಗೆ ಹೋಗಿದ್ದಾಗ."

"ಹನ್ನೊಂದು ವರ್ಷ," ಎಂದಳು ಅವಳು. ಅಜ್ಮಾನ್ ಎಂದರೆ ರಸ್ತೆ ಖಾಲಿ ಇದ್ದರೆ ಅರ್ಧ ಗಂಟೆ. "ನೀವು ಇದೇ ಅಂಗಡಿಯಲ್ಲಿ ನನ್ನ ಎದುರು ಕೂತು ಚಾ ಕುಡೀತಾ ಇದ್ರಿ ಬಾವಾಕ."

"ಅವನು ಆಣೆ ಹಾಕಿಸಿದ್ದ. ನೀನಾಗಿ ಕೇಳಿದರೆ ಮಾತ್ರ ಹೇಳು ಅಂತ. ನೀನು ಒಂದು ದಿನವೂ ಕೇಳ್ಲಿಲ್ಲ, ಖೈರೂ."

ಆ ದಿನ ಅವಳ ಮೇಜಿನ ಮುಂದೆ ನಿಂತವರನ್ನು ಬೇರೆ ಮೇಜಿಗೆ ಕಳಿಸಿದರು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಸಂಜೆ ಜುಮೇರಾ ಲೇಕ್ ಟವರ್ಸಿನ ಓದಿಗೆ ಮುಹ್ಸಿನಾ ಆಫೀಸಿನಿಂದ ನೇರ ಬಂದು ತಾಯಿಯ ಪಕ್ಕ ಕೂತಳು. ಈ ಸಲ ನಟಿ ಸರಿಯಾದ ಮಾತನ್ನೇ ಹೇಳಿದಳು. ಯಾರೂ ಎದ್ದು ನಿಲ್ಲಲಿಲ್ಲ. ಚಪ್ಪಾಳೆ ತಡವಾಗಿ ಬಂತು, ಕಡಿಮೆಯೂ ಇತ್ತು. ಜನ ಹೊರಗೆ ಹೋಗುವಾಗಲೂ ಒಬ್ಬರಿಗೊಬ್ಬರು ಮಾತಾಡದೆ ನಡೆದರು. ಜಾರ್ಜಿಯಾ ದೇಶದ ಒಬ್ಬ ಮುದುಕ ಮಾತ್ರ ಹೋಗದೆ ಕೂತಿದ್ದ. ಲೀವಿ ಹೋಗಿ ಅವನ ಪಕ್ಕ ಕೂತಳು. ತನ್ನೂರಿನ ಸಣ್ಣ ರಂಗಮಂದಿರಕ್ಕೆ ಅವನು ಆ ನಾಟಕವನ್ನು ಹಾಗೆಯೇ ತೆಗೆದುಕೊಂಡ ಎಂದು ಮಾರ್ಚಿನಲ್ಲಿ ಲೀವಿಯಿಂದ ಮೇಲ್ ಬಂತು.

ಅರ್ಶದನಿಗೆ ಫೋನು ಮಾಡಲು ಖೈರುನ್ನಿಸಳಿಗೆ ಆ ಓದಿನ ಮೇಲೆ ಹತ್ತು ದಿನ ಬೇಕಾಯಿತು. ಬಾವಾಕ ಕೊಟ್ಟ ನಂಬರು ಒತ್ತಿದ್ದು ಮುಹ್ಸಿನಾ. ಆ ಕಡೆಯಿಂದ "ಹಲೋ, ಯಾರು?" ಎಂಬ ದನಿ ಕೇಳಿ ಖೈರುನ್ನಿಸ ಬೆಚ್ಚಿಬಿದ್ದಳು; ಅದು ಅವಳ ತಂದೆಯ ದನಿಯ ಹಾಗೆಯೇ ಇತ್ತು. ತಾನು ಯಾರೆಂದು ಹೇಳಿದಳು. ಆ ಕಡೆ ಇಸ್ತ್ರಿಯ ಉಗಿ ಹೊರಡುವ ಶಬ್ದ ಕೇಳಿಸಿತು. "ಉಮ್ಮ ತೀರಿಕೊಂಡದ್ದು ಬಾವಾಕ ಹೇಳಿದ್ದ," ಎಂದ ಅವನು. "ಈಗ ಕೆಲಸದಲ್ಲಿದ್ದೇನೆ. ಶುಕ್ರವಾರ ಜುಮಾ ನಮಾಜು ಆದ ಮೇಲೆ ಮಾಡು."

ಅಂದಿನಿಂದ ಅವಳು ಪ್ರತಿ ಶುಕ್ರವಾರ ಮಾಡುತ್ತಾಳೆ. ಅವನು ಊರಿನ ಯಾರ್ಯಾರದೋ ಸುದ್ದಿ ಕೇಳುತ್ತಾನೆ, ಸೊಂಟ ನೋವಿನ ಬಗ್ಗೆ ಹೇಳುತ್ತಾನೆ. ಮುಹ್ಸಿನಾ ಎರಡು ಸಲ ಮಾತಾಡಿದ್ದಾಳೆ. ಬಾ ಎಂದು ಅವನು ಕರೆದಿಲ್ಲ, ಬರಲಾ ಎಂದು ಇವಳೂ ಕೇಳಿಲ್ಲ. ಹೋದ ಶುಕ್ರವಾರ ಮಾತಿನ ಮಧ್ಯೆ ಅವನು ಇದ್ದಕ್ಕಿದ್ದಂತೆ ಕೇಳಿದ: "ಖೈರೂ, ಆ ದಿನ ನೀನು ಒಳಗೆ ಇದ್ದೆಯಾ?"

ಇಲ್ಲ ಎನ್ನಬಹುದಿತ್ತು. ಅವಳು ಹೇಳಿದಳು: "ಇದ್ದೆ. ಅಡುಗೆಮನೆಯ ಹೊಸ್ತಿಲಲ್ಲಿ. ನಿನ್ನ ಕೋಲಿನ ಶಬ್ದವೂ ಕೇಳಿತ್ತು."

ಫೋನು ಇಟ್ಟೇಬಿಟ್ಟನೇನೋ ಎಂದು ಅವಳು ಕಿವಿಯಿಂದ ತೆಗೆದು ಪರದೆ ನೋಡಿದಳು. ಇಟ್ಟಿರಲಿಲ್ಲ.

"ಮುಂದಿನ ವಾರ ನೀನು ಮಾಡಬೇಡ," ಎಂದ ಕೊನೆಗೆ. "ನಾನೇ ಮಾಡ್ತೇನೆ."